ಮೂರು ಪೌಂಡಿನ ಹಾಸಿಗೆ

ವರ್ಷಕ್ಕೊಮ್ಮೆಯಂತೆ ಹತ್ತೊಂಬತ್ತು ಸಲ ಇಲ್ಲ ಎಂದಿದ್ದ ಬೇಟೆ ಇಲಾಖೆ ಇಪ್ಪತ್ತನೆಯ ಸಲ ಹೂಂ ಎಂದಿತು. ಆ ಕಾಗದ ಲೈಲ್ ಹೌಗನ್‌ನ ಕೈಗೆ ಬಂದದ್ದು ಜೂನ್ ತಿಂಗಳ ಒಂದು ಮಂಗಳವಾರ. ಅವನು ಅದನ್ನು ಅಂಚೆಪೆಟ್ಟಿಗೆಯ ಪಕ್ಕದಲ್ಲೇ ನಿಂತು ಮೂರು ಸಲ ಓದಿದ. ನಾಲ್ಕನೆಯ ಸಲ ಓದಲು ಕನ್ನಡಕ ಒರೆಸಿಕೊಂಡ.

ಚಂದ್ರಪೀಠದ ಬೆಟ್ಟ ಎಂದು ಊರವರು ಕರೆಯುವ ಬೆಟ್ಟದ ಹಿಂದಿನ ಬೋಗುಣಿಯಂಥ ಕಾಡಿನಲ್ಲಿ ಒಂದು ಗಂಡು ಎಲ್ಕ್ ಹೊಡೆಯಲು ಅಪ್ಪಣೆಯ ಚೀಟಿ ಅದು. ಎಲ್ಕ್ ಎಂದರೆ ಸಾಮಾನ್ಯ ಜಿಂಕೆಯಲ್ಲ. ಕುದುರೆಯಷ್ಟು ಎತ್ತರ, ತಲೆಯ ಮೇಲೆ ಒಣಗಿದ ಮರದಂಥ ಕೊಂಬು. ಮೊಂಟಾನಾದ ಡಸ್ಟಿ ಫೋರ್ಕ್ ಎಂಬ ಆ ಊರಿನಲ್ಲಿ ಮನುಷ್ಯನಿಗೆ ಮದುವೆ ಎರಡು ಮೂರು ಸಲ ಆಗಬಹುದು. ಆ ಕಾಡಿನ ಚೀಟಿ ಒಂದೇ ಸಲ. ಲೈಲ್‌ಗೆ ಐವತ್ತಾರು ವರ್ಷ. ಮತ್ತೆ ಸಾಲಿನ ಕೊನೆಯಲ್ಲಿ ನಿಂತರೆ ಮುಂದಿನ ಚೀಟಿ ಬರುವ ಹೊತ್ತಿಗೆ ಅವನ ಬಾಯಿಯಲ್ಲಿ ಮಾಂಸ ಅಗಿಯಲು ಹಲ್ಲು ಇರುತ್ತಿರಲಿಲ್ಲ.

ಲೈಲ್ ಹೆದ್ದಾರಿಯ ತೂಕದ ಕಟ್ಟೆಯಲ್ಲಿ ಕೆಲಸ ಮಾಡುತ್ತಿದ್ದ. ಗೋಧಿ ಹೇರಿದ ಲಾರಿಗಳು ಬಂದು ನಿಲ್ಲುತ್ತವೆ, ಇವನು ಮುಳ್ಳು ನೋಡಿ ತೂಕ ಬರೆದುಕೊಳ್ಳುತ್ತಾನೆ. ಇಪ್ಪತ್ತೇಳು ವರ್ಷದಿಂದ ಕಂಡವರ ಭಾರ ನೋಡಿದವನಿಗೆ ಸ್ವಂತ ಭಾರ ಹೊರುವ ಪ್ರಸಂಗ ಬಂದಿರಲಿಲ್ಲ. ಎಡಮೊಣಕಾಲು ಬೇರೆ ಮೆಟ್ಟಿಲು ಕಂಡರೆ ಕಿರುಗುಟ್ಟುತ್ತಿತ್ತು.

ಶನಿವಾರ ಬೆಳಿಗ್ಗೆ ಊರಿನ ಕೆಫೆಯಲ್ಲಿ ಅವನ ಭಾವಮೈದ ಮರ್ಲ್ ಸ್ಟಕಿ ಇದನ್ನೇ ಎತ್ತಿದ. ಮರ್ಲ್ ಲೈಲ್‌ನ ಹೆಂಡತಿ ಡೋರೀನಳ ತಮ್ಮ. ಊರಿನಲ್ಲಿ ಅತಿ ಹೆಚ್ಚು ಎಲ್ಕ್ ಹೊಡೆದವನು, ಅದಕ್ಕಿಂತ ಹೆಚ್ಚು ಅದರ ಬಗ್ಗೆ ಮಾತಾಡಿದವನು.

"ಭಾವ, ಒಂಬತ್ತು ಮೈಲಿ ಹತ್ತಬೇಕು," ಅಂದ ಮರ್ಲ್, ಪ್ಯಾನ್‌ಕೇಕಿಗೆ ಸಿರಪ್ ಸುರಿಯುತ್ತ. "ಆಹಾರ, ಬಂದೂಕು, ಡೇರೆ. ಅದರ ಮೇಲೆ ಹಾಸಿಗೆ. ನಿನ್ ಮೊಣಕಾಲು ಆ ಹಾಸಿಗೇನ ಎರಡನೇ ಮೈಲಿಗೆ ಬಿಸಾಕಿಸುತ್ತೆ ನೋಡ್ಕೊ. ಹಾಸಿಗೆ ಇಲ್ದೆ ಅಕ್ಟೋಬರ್‌ನಲ್ಲಿ ಅಲ್ಲಿ ಮಲಗಿದ್ರೆ ನಿನ್ನನ್ನ ವಸಂತದಲ್ಲೇ ಕೆಳಗಿಳಿಸೋದು. ನನ್ ಹೇಸರಗತ್ತೆ ಎರಡು ಕೊಡ್ತೀನಿ. ಜೊತೆಗೆ ನಾನೂ ಬರ್ತೀನಿ."

ಕೆಫೆಯಲ್ಲಿ ಹನ್ನೊಂದು ಜನ ಇದ್ದರು. ಹನ್ನೊಂದೂ ಜನ ಲೈಲ್‌ನ ಮುಖ ನೋಡಿದರು. ಮರ್ಲ್ ಜೊತೆಗೆ ಬಂದರೆ ಎಲ್ಕ್ ಯಾರದಾಗುತ್ತದೆ ಎನ್ನುವುದು ಎಲ್ಲರಿಗೂ ಗೊತ್ತಿತ್ತು.

"ನನ್ ಹಾಸಿಗೆ ತೂಕ ಮೂರು ಪೌಂಡೂ ಇಲ್ಲ," ಅಂದುಬಿಟ್ಟ ಲೈಲ್. "ಎಂದೋ ತೀರ್ಮಾನ ಮಾಡಿ ಇಟ್ಕೊಂಡಿದೀನಿ. ಎಷ್ಟೋ ವರ್ಷದಿಂದ ಅದರಲ್ಲೇ ಮಲಗಿ ಅಭ್ಯಾಸ."

ಅದು ಹಸಿ ಸುಳ್ಳು. ಲೈಲ್ ಹುಟ್ಟಿದಾಗಿನಿಂದ ಮಂಚದ ಮೇಲಲ್ಲದೆ ಮಲಗಿದ್ದು ಒಂದೇ ಸಲ, ಅದೂ ಆಸ್ಪತ್ರೆಯ ಗಾಲಿಮಂಚದಿಂದ ಜಾರಿ ಬಿದ್ದಾಗ. ಆದರೆ ಹನ್ನೊಂದು ಜನ ಕೇಳಿಸಿಕೊಂಡ ಸುಳ್ಳನ್ನು ವಾಪಸು ತೆಗೆದುಕೊಳ್ಳುವ ಶಕ್ತಿ ದೇವರು ಎಲ್ಲರಿಗೂ ಕೊಟ್ಟಿರುವುದಿಲ್ಲ. ಮರ್ಲ್ ಮಾತ್ರ ತಲೆ ಬಾಗಿಸಿ, "ಹಾಗಿದ್ರೆ ಸರಿ ಬಿಡು, ಭಾವ. ಋಷಿಗಳ ಥರ," ಅಂದ.

ಮನೆಗೆ ಬಂದು ಲೈಲ್ ಡೋರೀನಳ ಕೈ ಹಿಡಿದುಕೊಂಡ. "ಆಣೆ ಮಾಡು."

"ಏನಂತ?"

"ನಾನು ಹಾಸಿಗೆ ಹುಡುಕ್ತಾ ಇದೀನಿ ಅಂತ ಯಾರಿಗೂ ಹೇಳಲ್ಲ ಅಂತ. ಚೀಟಿ ಮುಗಿಯೋವರೆಗೂ. ನಿನ್ ತಮ್ಮಂಗಂತೂ ಸತ್ರೂ ಹೇಳ್ಕೂಡದು."

ಡೋರೀನ್ ಶಾಲೆಯ ಅಡುಗೆಮನೆಯಲ್ಲಿ ಇನ್ನೂರು ಮಕ್ಕಳಿಗೆ ಊಟ ಬಡಿಸುವವಳು. ಇದಕ್ಕಿಂತ ದೊಡ್ಡ ತಲೆಹರಟೆಗಳನ್ನು ದಿನಾ ನೋಡುವವಳು. ನಕ್ಕು ಆಣೆ ಮಾಡಿದಳು. ಕೊಟ್ಟ ಮಾತು ತಪ್ಪದಿರುವುದು ಅವಳ ದೊಡ್ಡ ಗುಣ. ಆಮೇಲೆ ನಡೆದ ಅನಾಹುತಗಳಿಗೆಲ್ಲ ಆ ಗುಣವೇ ಅರ್ಧ ಕಾರಣ.

ಪಾರ್ಸೆಲ್‌ಗಳು ಬರತೊಡಗಿದವು. ಲೈಲ್ ಒಂದೊಂದನ್ನೂ ಡೋರೀನಳ ಹಿಟ್ಟು ತೂಗುವ ತಕ್ಕಡಿಯ ಮೇಲಿಟ್ಟು ನೋಡಿದ. ಮೊದಲು ಬಂದದ್ದು ಬಾತುಕೋಳಿಯ ಪುಕ್ಕ ತುಂಬಿದ ಮಲಗುಚೀಲ. ನಾಲ್ಕು ಪೌಂಡು. ಇದು ಆಗದು. ಅಂತರ್ಜಾಲದಲ್ಲಿ ಇಂಥ ವಿಷಯಕ್ಕೇ ಜೀವ ತೇಯ್ದ ಪಂಡಿತರಿದ್ದಾರೆ. ಅವರ ವಾದ ಹೀಗೆ: ಮಲಗಿದಾಗ ಬೆನ್ನಡಿಯ ಪುಕ್ಕ ಚಪ್ಪಟೆಯಾಗುತ್ತದೆ, ಚಪ್ಪಟೆಯಾದ ಪುಕ್ಕ ಬಿಸಿ ಹಿಡಿಯದು, ಆದ್ದರಿಂದ ಚೀಲಕ್ಕೆ ತಳವೇ ಬೇಡ. ತಳ ಇಲ್ಲದ ಮೇಲೆ ಜಿಪ್ ಯಾಕೆ? ಅದೂ ಬೇಡ. ತಲೆಗೆ ಟೋಪಿ ಇರುವಾಗ ಚೀಲಕ್ಕೆ ಮುಸುಕು ಯಾಕೆ? ಬೇಡ. ಹೀಗೆ ಬೇಡ ಬೇಡ ಎನ್ನುತ್ತ ಹೋದರೆ ಕೊನೆಗೆ ಉಳಿಯುವುದು ಒಂದು ಹೊದಿಕೆ ಮತ್ತು ಮಲಗುವವನ ಧೈರ್ಯ. ಎರಡನೆಯದಕ್ಕೆ ತೂಕವಿಲ್ಲ. ಲೈಲ್ ತಳವಿಲ್ಲದ ಹೊದಿಕೆ ತರಿಸಿದ, ಊದಿ ಮಲಗುವ ಚಾಪೆ ತರಿಸಿದ, ಅದು ಜಾರುತ್ತದೆಂದು ಬೆಳ್ಳಿಬಣ್ಣದ ಇನ್ನೊಂದು ತರಿಸಿದ, ಮರಕ್ಕೆ ಕಟ್ಟುವ ಜೋಲಿಯನ್ನೂ ತರಿಸಿದ.

"ಲೈಲ್, ಹಿಟ್ಟು ತೂಗ್ಬೇಕು. ಆ ಪುಕ್ಕ ತೆಗಿ," ಅಂದಳು ಡೋರೀನ್.

"ಒಂದ್ನಿಮಿಷ. ಚಾಪೆಯ ಕೈಚೀಲ ಬಿಟ್ಟು ತೂಗ್ತಾ ಇದೀನಿ. ಹಲ್ಲುಜ್ಜೋ ಬ್ರಷ್ಷಿನ ಹಿಡಿ ಕತ್ತರಿಸಿದ್ನಲ್ಲ, ಅದನ್ನೂ ಕಳೀಬೇಕು."

"ಹಿಡಿ ಕತ್ತರಿಸಿದ್ದು ನನ್ ಬ್ರಷ್ಷಿಂದು."

ತೂಕ ಮಾತ್ರ ತಿಳಿದರೆ ಸಾಲದು, ಮಲಗಿ ನೋಡಬೇಕು. ಜುಲೈ ತಿಂಗಳಲ್ಲಿ ಅಲ್ಲಿ ರಾತ್ರಿ ಹತ್ತು ಗಂಟೆಯವರೆಗೂ ಬೆಳಕಿರುತ್ತದೆ. ಲೈಲ್ ಊಟ ಮುಗಿಸಿ, ಹೊದಿಕೆ ಚಾಪೆಗಳನ್ನು ಕಂಕುಳಲ್ಲಿ ಹಿಡಿದು ಹಿತ್ತಿಲಿಗೆ ಹೋಗಿ, ಡೋರೀನಳ ಟೊಮೆಟೊ ಪಾತಿಯ ಪಕ್ಕದಲ್ಲಿ ಮಲಗುತ್ತಿದ್ದ. ಬೆಳ್ಳಿ ಚಾಪೆಯ ಮೇಲೆ ಮಗ್ಗುಲು ಬದಲಿಸಿದರೆ ಹಪ್ಪಳದ ಚೀಲದ ಮೇಲೆ ಆನೆ ಹೊರಳಿದ ಸದ್ದು. ಆ ಸದ್ದಿಗೆ ಪಕ್ಕದ ಮನೆಯ ಐನೆಜ್ ಪರ್ಡಿಯ ಕಿಟಕಿ ತೆರೆದುಕೊಂಡಿತು.

ಐನೆಜ್ ಮೂವತ್ತೊಂದು ವರ್ಷ ಊರಿನ ಅಂಚೆ ಕಚೇರಿಯಲ್ಲಿದ್ದು ನಿವೃತ್ತಳಾದವಳು. ಸುದ್ದಿ ತಲುಪಿಸುವ ಕರ್ತವ್ಯದಿಂದ ಮಾತ್ರ ನಿವೃತ್ತಳಾಗಿರಲಿಲ್ಲ.

"ಲೈಲ್? ಅದ್ಯಾಕಪ್ಪಾ ಹೊರಗೆ ಮಲಗಿದೀಯ?"

"ಒಳಗೆ ಸೆಖೆ, ಐನೆಜ್."

ಐನೆಜ್ ಕಿವಿಗೊಟ್ಟಳು. ಹೌಗನ್ ಮನೆಯ ಗೋಡೆಯಲ್ಲಿ ತಂಪಿನ ಯಂತ್ರ ಗುಂಯ್ ಎನ್ನುತ್ತಿತ್ತು. ಮಲಗುವ ಕೋಣೆಯ ದೀಪ ಉರಿಯುತ್ತಿತ್ತು. ಒಳಗೆ ಡೋರೀನ್ ಒಬ್ಬಳೇ ಮಂಚದ ಮಧ್ಯದಲ್ಲಿ ಕಾಲು ಚಾಚಿ ಪುಸ್ತಕ ಓದುತ್ತಿದ್ದಳು.

"ಹೌದಾ," ಅಂದಳು ಐನೆಜ್, ಬಹಳ ಮೃದುವಾಗಿ. "ಸೆಖೆನೇ ಇರ್ಬೇಕು, ಬಿಡಪ್ಪ."

ಎರಡನೆಯ ದಿನ ಲೈಲ್ ಜೋಲಿಯಿಂದ ಬಿದ್ದು ಅಯ್ಯೋ ಎಂದ. ಮೂರನೆಯ ದಿನ ಮಳೆ ಬಂತು. ಅವನು ಒಳಗೆ ಹೋಗದೆ ತಗಡಿನ ಗರಾಜಿನ ಸೂರಿನಡಿ ಮುದುಡಿಕೊಂಡ. ಮಳೆಯಲ್ಲೂ ಒಳಗೆ ಸೇರಿಸದ ಹೆಂಡತಿ ಎಂಥವಳು ಎಂದು ಐನೆಜ್ ಯೋಚಿಸಿದಳು. ಯೋಚನೆಯನ್ನು ಒಬ್ಬಳೇ ಇಟ್ಟುಕೊಳ್ಳುವ ಸ್ವಾರ್ಥ ಅವಳಲ್ಲಿರಲಿಲ್ಲ.

ಶುಕ್ರವಾರದ ಹೊತ್ತಿಗೆ ಮೊದಲ ಕ್ಯಾಸರೋಲ್ ಬಂತು. ಆಲೂಗಡ್ಡೆ, ಚೀಸ್, ಅಣಬೆಯ ಸೂಪು ಬೆರೆಸಿ ಬೇಯಿಸಿದ ಆ ಗಾಜಿನ ಪಾತ್ರೆ ಡಸ್ಟಿ ಫೋರ್ಕಿನಲ್ಲಿ ಮನೆಗೆ ಬರುವುದು ಮೂರೇ ಸಂದರ್ಭದಲ್ಲಿ: ಸಾವು, ಶಸ್ತ್ರಚಿಕಿತ್ಸೆ, ವಿಚ್ಛೇದನ. ಡೋರೀನ್ ಬಾಗಿಲು ತೆರೆದಾಗ ಪಾತ್ರೆ ಹಿಡಿದ ಹೆಂಗಸು ಅವಳನ್ನು ದಾಟಿ ಹಿತ್ತಿಲಿಗೆ ಹೋಗಿ ಲೈಲ್‌ನ ಕೈಗೆ ಕೊಟ್ಟು ಬಂದಳು. ಹೋಗುವಾಗ ಡೋರೀನಳಿಗೆ, "ನಾನು ಯಾರ ಪಕ್ಷಾನೂ ವಹಿಸೋಳಲ್ಲ," ಎಂದಳು.

ಭಾನುವಾರ ಬೆಳಿಗ್ಗೆ ಪಾದ್ರಿ ಆಮೊಸ್ ಬಂದರು. ಹಿತ್ತಿಲಿನ ಹುಲ್ಲಿನ ಮೇಲೆ ಲೈಲ್‌ನ ಪಕ್ಕ ಕೂತರು. ಪ್ಯಾಂಟಿಗೆ ಹಸಿರು ಕಲೆಯಾಗುವುದನ್ನೂ ಲೆಕ್ಕಿಸಲಿಲ್ಲ. ಅಷ್ಟು ಗಂಭೀರ ವಿಷಯ.

"ಎಷ್ಟು ದಿನ ಆಯ್ತು, ಲೈಲ್?"

"ಹನ್ನೆರಡು ದಿನ."

"ಕಷ್ಟ ಆಗ್ತಿದೆಯಾ?"

"ಮೊದಮೊದಲು ಬೆನ್ನು ಹಿಡೀತಿತ್ತು. ಈಗ ಒಂದು ಸೊಂಟದ ಹತ್ರ ಮಾತ್ರ ತಣ್ಣಗೆ ಗಾಳಿ ನುಗ್ಗುತ್ತೆ."

ಪಾದ್ರಿಗಳು ಕಣ್ಣು ಮುಚ್ಚಿಕೊಂಡರು. "ಅವಳ ಹತ್ರ ಮಾತಾಡಿದ್ಯಾ?"

"ಮಾತಾಡ್ತಾನೆ ಇರ್ತೀನಿ. ಇನ್ನೊಂದು ತರಿಸಬೇಕು ಅಂತಿದೀನಿ, ಅವಳು ಬೇಡ ಅಂತಾಳೆ. ಐದು ಇದ್ರೂ ಒಂದರಲ್ಲೂ ಸುಖ ಸಿಗ್ತಿಲ್ಲ, ಪಾದ್ರಿಗಳೇ."

ಪಾದ್ರಿಗಳು ಥಟ್ಟನೆ ಕಣ್ಣು ತೆರೆದರು. "ಐದು?"

"ಒಂದು ತೀರಾ ಭಾರ. ಇನ್ನೊಂದು ಜಾರುತ್ತೆ. ಮೂರನೇದು ರಾತ್ರಿಯೆಲ್ಲ ಸದ್ದು ಮಾಡುತ್ತೆ."

ಅಂದಿನ ಪ್ರಾರ್ಥನೆ ಎಂದಿಗಿಂತ ಹೆಚ್ಚು ಉದ್ದವಾಗಿತ್ತು. ಪಾದ್ರಿಗಳು ಹೆಸರು ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ. ಚರ್ಚಿನ ಎರಡೂ ಸಾಲಿನ ಜನ ಕತ್ತು ತಿರುಗಿಸಿ ಡೋರೀನಳನ್ನು ನೋಡಿದರು. ಅವಳು ಹಾಡಿನ ಪುಸ್ತಕ ತಲೆಕೆಳಗಾಗಿ ಹಿಡಿದುಕೊಂಡಿದ್ದಳು.

"ಲೈಲ್, ನನ್ ಆಣೆ ಬಿಡಿಸು," ಅಂದಳು ಆ ಸಂಜೆ. "ಅಂಗಡೀಲಿ ಹಾಲು ತಗೊಳೋಕೆ ಹೋದ್ರೆ ಹೆಂಗಸರು ನನ್ ತಳ್ಳುಗಾಡಿ ಕಂಡು ದೂರ ಸರೀತಾರೆ. ದಾರೀಲಿ ನಮ್ ಶಾಲೇ ಮಗು ಒಂದು, ಆಂಟಿ, ನಿಮ್ಮನೇಲಿ ಅಂಕಲ್‌ಗೆ ಊಟ ಹಾಕಲ್ವಂತೆ ಹೌದಾ ಅಂತ ಕೇಳ್ತು."

"ಅಕ್ಟೋಬರ್ ತನಕ ತಡ್ಕೋ, ಡೋರೀನ್. ಮರ್ಲ್‌ಗೆ ಗೊತ್ತಾದ್ರೆ ನಾನು ಈ ಊರಲ್ಲಿ ತಲೆ ಎತ್ಕೊಂಡು ಓಡಾಡೋ ಹಾಗಿಲ್ಲ."

"ಈಗ ನಾನು ಓಡಾಡೋ ಹಾಗಿದೆಯಾ?"

ಇದಕ್ಕೆ ಉತ್ತರ ಕೊಡಬೇಕಾದ ಹೊತ್ತಿನಲ್ಲಿ ಲೈಲ್ ತಕ್ಕಡಿಯ ಮೇಲೆ ಡೇರೆಯ ನಾಲ್ಕು ಗೂಟ ಇಟ್ಟು ಮುಳ್ಳು ನೋಡುತ್ತಿದ್ದ.

ಆಗಸ್ಟ್ ಹೊತ್ತಿಗೆ ಅವನಿಗೆ ಹೊಸ ಚಿಂತೆ ಹತ್ತಿಕೊಂಡಿತು. ಹಿತ್ತಿಲಿನಲ್ಲಿ ಮಲಗಿ ಏನು ಗೊತ್ತಾಗುತ್ತದೆ? ಹೊದಿಕೆಯ ಮೇಲೆ ಇಂತಿಷ್ಟು ಚಳಿ ತಡೆಯುತ್ತದೆ ಎಂದು ಬರೆದಿದ್ದಾರೆ. ಆ ಚಳಿಯನ್ನು ಬೇಸಿಗೆಯಲ್ಲಿ ಎಲ್ಲಿಂದ ತರುವುದು? ಊರಿನಲ್ಲಿ ಅಂಥ ಚಳಿ ಇದ್ದದ್ದು ಒಂದೇ ಕಡೆ, ವೆಂಡೆಲ್ ಕ್ರೂಗರ್‌ನ ಮಾಂಸದ ಅಂಗಡಿಯ ಶೀತಕೋಣೆಯಲ್ಲಿ. ಊರವರೆಲ್ಲ ಬೇಟೆಯಾಡಿದ್ದನ್ನು ನೇತುಹಾಕಿಸಿ, ಕತ್ತರಿಸಿಕೊಂಡು ಒಯ್ಯುವುದು ಅಲ್ಲಿಂದಲೇ.

ಲೈಲ್ ಬುಧವಾರ ಮಧ್ಯಾಹ್ನ ರಜೆ ಹಾಕಿ ಹೋದ. "ವೆಂಡೆಲ್, ಬೆನ್ನು ನೋವು. ತಣ್ಣಗಿರೋ ಜಾಗದಲ್ಲಿ ಎರಡು ಗಂಟೆ ಮಲಗು ಅಂದಿದಾರೆ ಡಾಕ್ಟರು."

ವೆಂಡೆಲ್‌ಗೂ ಹಿತ್ತಿಲಿನ ಸುದ್ದಿ ಮುಟ್ಟಿತ್ತು. ಮಲಗಲು ಜಾಗವಿಲ್ಲದ ಗಂಡಸು ಕೊನೆಗೆ ಹಂದಿಯ ಮಾಂಸದ ನಡುವೆ ಜಾಗ ಕೇಳುತ್ತಿದ್ದಾನೆ ಎಂದರೆ ಇಲ್ಲ ಎನ್ನುವುದು ಹೇಗೆ? ಅವನು ಕೆಳಗಿನ ಕಪಾಟು ಖಾಲಿ ಮಾಡಿಕೊಟ್ಟ. ಕಣ್ಣು ಒರೆಸಿಕೊಂಡು ಬೀಫ್ ಕತ್ತರಿಸಲು ಹೋದ. ಒಂದು ಗಂಟೆಯಾದ ಮೇಲೆ ಒಳಗೆ ಲೈಲ್ ಇದ್ದಾನೆ ಎನ್ನುವುದನ್ನೇ ಮರೆತ.

ಒಳಗೆ ಲೈಲ್ ತಿಂಗಳುಗಟ್ಟಲೆ ಕಾಣದ ನಿದ್ದೆ ಕಂಡ. ತಳವಿಲ್ಲದ ಹೊದಿಕೆಯನ್ನು ಅಂದು ನಂಬದೆ ನಾಲ್ಕು ಪೌಂಡಿನ ಕಂದು ಚೀಲವನ್ನೇ ಹೋಲಿಕೆಗೆಂದು ತಂದಿದ್ದ. ಅದರ ಮುಸುಕಿನ ದಾರ ಎಳೆದುಕೊಂಡಿದ್ದರಿಂದ ಹೊರಗೆ ಕಾಣುತ್ತಿದ್ದುದು ಮೂಗಿನ ತುದಿ ಮಾತ್ರ, ಅದೂ ನೀಲಿ.

ಮೂರು ಗಂಟೆಗೆ ಸರ್ಕಾರದ ಮಾಂಸ ತನಿಖಾಧಿಕಾರಿ ಬಂದ. ವರ್ಷಕ್ಕೊಮ್ಮೆ, ಹೇಳದೆ ಬರುವುದು ಅವನ ಪದ್ಧತಿ. ಅದೇ ಹೊತ್ತಿಗೆ ಐನೆಜ್ ತನ್ನ ಅರ್ಧ ಹಂದಿ ಒಯ್ಯಲು ಬಂದಿದ್ದಳು.

"ನೀವೇ ನೋಡಿ, ಸಾರ್," ಅಂದ ವೆಂಡೆಲ್ ಹೆಮ್ಮೆಯಿಂದ ಬಾಗಿಲು ತೆರೆಯುತ್ತ. "ಒಂದು ಇರುವೆ ತೋರಿಸಿ, ನಾನು ಅಂಗಡಿ ಮುಚ್ತೀನಿ."

ಐನೆಜ್ ಕೆಳಗಿನ ಕಪಾಟು ನೋಡಿದಳು. ಮೂಗು ನೋಡಿದಳು. ಅವಳು ಕಿರುಚಿದ ಸದ್ದಿಗೆ ಗೋಧಿ ಉಗ್ರಾಣದ ಪಾರಿವಾಳಗಳು ಎದ್ದು ಹಾರಿದವು ಎನ್ನುತ್ತಾರೆ. "ಲೈಲ್! ಅಯ್ಯೋ, ಡೋರೀನ್ ಕೊಂದೇಬಿಟ್ಲು!"

ಲೈಲ್ ಎಚ್ಚೆತ್ತ. ಜಿಪ್ ಅಂಗಿಗೆ ಸಿಕ್ಕಿಕೊಂಡಿತ್ತು. ಕೈ ಹೊರಗೆ ಬಾರದು, ಮುಖ ಹೊರಗೆ ಬಾರದು. ಕಪಾಟಿನಿಂದ ಉರುಳಿ ಎದ್ದು ನಿಂತು, ಕಂಬಳಿಹುಳದ ಹಾಗೆ ಕುಪ್ಪಳಿಸುತ್ತ ಬೆಳಕಿನ ಕಡೆ ಬಂದ. ನೇತಾಡುತ್ತಿದ್ದ ಒಂದು ದನದ ತೊಡೆ ಅವನಿಗೆ ಬಡಿದು, ಅವನು ಅಧಿಕಾರಿಗೆ ಬಡಿದು, ಅಧಿಕಾರಿ ಐನೆಜಳ ಅರ್ಧ ಹಂದಿಯ ಮೇಲೆ ಕೂತ.

ಅಧಿಕಾರಿ ಕೆಟ್ಟವನಲ್ಲ. ಎದ್ದು, ಕೋಟು ಸರಿಮಾಡಿಕೊಂಡು, ನಮೂನೆಯ ಹಾಳೆ ತೆಗೆದ. ಹಾಳೆಯಲ್ಲಿ ದನ, ಹಂದಿ, ಕುರಿ, ಇತರೆ ಎಂದು ನಾಲ್ಕು ಕಾಲಂ ಇದ್ದವು. ಅವನು ಬಹಳ ಹೊತ್ತು ಯೋಚಿಸಿ 'ಇತರೆ' ಎಂಬಲ್ಲಿ ಬರೆದ: ಮನುಷ್ಯ, ಒಂದು, ಜೀವಂತ.

"ಇದಕ್ಕೆ ನಿಯಮದಲ್ಲಿ ಏನಿದೆ ಅಂತ ನೋಡಬೇಕು," ಅಂದ. "ಇಲ್ಲ ಅಂದ್ರೆ ನಿಯಮ ಮಾಡಬೇಕು. ಅಲ್ಲೀವರೆಗೂ ಬೀಗ."

ಅಷ್ಟರಲ್ಲಿ ಸುದ್ದಿ ತಿಳಿದು ಜನ ಸೇರಿದ್ದರು. ಮರ್ಲ್ ಓಡಿಬಂದಿದ್ದ. ಲೈಲ್‌ಗೆ ಅಂದು ಮೊದಲ ಸಲ ಸತ್ಯ ಹೇಳಬೇಕೆನ್ನಿಸಿತು. ಚೀಲದ ಬಾಯಿಂದ ಹೇಗೋ ಗಲ್ಲ ಹೊರಗೆ ಹಾಕಿ ಕೂಗಿದ: "ಕೇಳ್ರಪ್ಪಾ! ನನ್ನನ್ನ ಯಾರೂ ಓಡಿಸಿಲ್ಲ! ಬೇಟೆಗೆ ಹಾಸಿಗೆ ನೋಡ್ತಾ ಇದ್ದೆ! ಚಳಿ ತಡೆಯುತ್ತಾ ಅಂತ ಪರೀಕ್ಷೆ ಮಾಡ್ತಿದ್ದೆ, ಅಷ್ಟೇ!"

ಮರ್ಲ್ ಹತ್ತಿರ ಬಂದು ಚೀಲವನ್ನೇ ತಬ್ಬಿಕೊಂಡ.

"ಭಾವ," ಅಂದ. "ನನ್ ಅಕ್ಕನ ಮಾನ ಉಳಿಸೋಕೆ ಇಷ್ಟೊಂದು ಸುಳ್ಳು ಹೇಳ್ತೀಯಲ್ಲ. ನಿನ್ ಹಾಸಿಗೆ ಎಂದೋ ತೀರ್ಮಾನ ಆಗಿದೆ ಅಂತ ನೀನೇ ಕೆಫೇಲಿ ಹೇಳಿದ್ಯಲ್ಲಪ್ಪ. ಹನ್ನೊಂದು ಜನ ಕೇಳಿದೀವಿ."

ಹನ್ನೊಂದರಲ್ಲಿ ಒಂಬತ್ತು ಜನ ಅಲ್ಲೇ ಇದ್ದರು. ಹೌದು ಹೌದು ಎಂದರು.

ಶೀತಕೋಣೆಗೆ ಬಿದ್ದ ಬೀಗ ಬೇಟೆಯ ಕಾಲ ಹತ್ತಿರ ಬಂದರೂ ತೆರೆಯಲಿಲ್ಲ. ಊರವರು ತಾವು ಹೊಡೆಯುವ ಜಿಂಕೆ, ಎಲ್ಕ್‌ಗಳನ್ನು ಎಪ್ಪತ್ತು ಮೈಲಿ ದೂರದ ಊರಿಗೆ ಹೊತ್ತುಕೊಂಡು ಹೋಗಬೇಕು. ಇದಕ್ಕೆ ಯಾರು ಕಾರಣ? ಲೈಲ್‌ನನ್ನು ಬೈಯಲು ಯಾರಿಗೂ ಮನಸ್ಸು ಬರಲಿಲ್ಲ, ಪಾಪದ ಪ್ರಾಣಿ. ಬೈಯಲು ಡೋರೀನ್ ಇದ್ದಳು. ವೆಂಡೆಲ್‌ನ ಹೆಂಡತಿ ಶಾಲೆಯ ಅಡುಗೆಮನೆಯ ಬಾಗಿಲಲ್ಲಿ ನಿಂತು, "ಒಬ್ಬ ಗಂಡಸಿಗೆ ಮಂಚದಲ್ಲಿ ಅರ್ಧ ಜಾಗ ಬಿಟ್ಕೊಟ್ಟಿದ್ರೆ ನಮ್ ಹೊಟ್ಟೆಪಾಡು ಉಳೀತಿತ್ತು," ಅಂದಳು. ಡೋರೀನ್ ಬಟಾಣಿಯ ಸೌಟು ಕೆಳಗಿಟ್ಟಳು.

ಸೆಪ್ಟೆಂಬರ್ ಕೊನೆಯ ಸೋಮವಾರ ಅವಳು ಬಿಲ್ಲಿಂಗ್ಸ್‌ನಲ್ಲಿದ್ದ ತಂಗಿಯ ಮನೆಗೆ ಹೊರಟಳು. ಪೆಟ್ಟಿಗೆ ಕಟ್ಟುವಾಗ ಲೈಲ್ ಬಾಗಿಲಲ್ಲಿ ನಿಂತಿದ್ದ.

"ಎಷ್ಟು ದಿನಕ್ಕೆ?"

"ಗೊತ್ತಿಲ್ಲ. ಜಗಳ ಆಡಿದ್ರೆ ಎಷ್ಟು ದಿನಕ್ಕೆ ಅಂತ ಹೇಳಬಹುದಿತ್ತು. ನಾವು ಜಗಳಾನೂ ಆಡ್ಲಿಲ್ಲ." ಪೆಟ್ಟಿಗೆ ಎತ್ತಿಕೊಂಡಳು. "ಇದು ನಲವತ್ತು ಪೌಂಡ್ ಇರ್ಬಹುದು ಲೈಲ್. ತೂಗಿ ನೋಡ್ಬೇಡ."

ಅಂದಿನಿಂದ ಅಗಲವಾದ ಮಂಚ ಪೂರ್ತಿ ಅವನದಾಯಿತು. ನಿದ್ದೆ ಬರಲಿಲ್ಲ. ಹಿತ್ತಿಲಿಗೆ ಹೋದರೂ ಬರಲಿಲ್ಲ. ಊರವರು ಮಾತ್ರ, ಅಂತೂ ಒಳಗೆ ಸೇರಿದನಲ್ಲ ಎಂದು ಸಂತೋಷಪಟ್ಟರು.

ಅಕ್ಟೋಬರ್ ಕೊನೆಯ ವಾರ ಲೈಲ್ ಬೆಟ್ಟ ಹತ್ತಿದ. ಹೊದಿಕೆ, ಚಾಪೆ, ಮೇಲೆ ಕಟ್ಟುವ ತೆಳು ಬಟ್ಟೆ ಸೇರಿ ಮೂರು ಪೌಂಡಿಗೆ ಒಂದು ಔನ್ಸ್ ಕಮ್ಮಿ. ತಾನು ಆಡಿದ ಮಾತನ್ನು ತೂಕದ ಮಟ್ಟಿಗಾದರೂ ನಿಜ ಮಾಡಿದ್ದ. ಒಂಬತ್ತು ಮೈಲಿಗೆ ಒಂದೂವರೆ ದಿನ ಹಿಡಿಯಿತು. ಮೊಣಕಾಲು ಬನ್ನಿನ ಹಾಗೆ ಊದಿತು. ಆದರೂ ಬೋಗುಣಿಯ ಅಂಚಿಗೆ ಬಂದು ಕೆಳಗಿನ ಹಳದಿ ಹುಲ್ಲು, ಕಪ್ಪು ಫರ್ ಮರಗಳನ್ನು ನೋಡಿದಾಗ ಅವನು ಟೋಪಿ ತೆಗೆದ. ಯಾಕೆ ಎಂದು ಅವನಿಗೇ ಗೊತ್ತಾಗಲಿಲ್ಲ.

ಮೊದಲ ರಾತ್ರಿ ಹೊದಿಕೆ ಸೊಂಟದ ಹತ್ತಿರ ಸರಿಯಿತು. ಎರಡನೆಯ ರಾತ್ರಿ ಚಾಪೆಯ ಗಾಳಿ ಹೋಯಿತು; ತೂತು ಹುಡುಕಿ ಮುಚ್ಚಿದ್ದು ಬೆಳಗಿನ ನಾಲ್ಕಕ್ಕೆ. ಮೂರನೆಯ ದಿನ ಹುಲ್ಲುಗಾವಲಿನ ತುದಿಯಲ್ಲಿ ಎಲ್ಕ್ ಹಿಂಡು ಕಂಡಿತು. ಹತ್ತಿರ ಹೋಗಲು ಕತ್ತಲಾಗುವುದರೊಳಗೆ ಆಗದು; ಬೆಳಿಗ್ಗೆ ನೋಡೋಣ ಎಂದು ಮಲಗಿದ. ನಿದ್ದೆಯಿಲ್ಲದೆ ಮಗ್ಗುಲು ಬದಲಿಸಿದ. ಬೆಳ್ಳಿ ಚಾಪೆ ಚರಚರ ಎಂದಿತು. ಅರ್ಧ ಮೈಲಿ ಆಚೆ ನೂರಾರು ಗೊರಸುಗಳು ಓಡಿದ ಸದ್ದು ಕೇಳಿಸಿತು.

ನಾಲ್ಕನೆಯ ದಿನ ಮೋಡ ಕವಿದು ಆಕಾಶ ತಗ್ಗಿಗೆ ಬಂತು. ಹಿಮ ಬಿದ್ದರೆ ಹಿಂಡುಗಳು ಕೆಳಗಿನ ಬೇಲಿ ಹಾಕಿದ ಖಾಸಗಿ ಹೊಲಗಳಿಗೆ ಇಳಿದುಬಿಡುತ್ತವೆ. ಅಲ್ಲಿ ಅವನ ಚೀಟಿ ನಡೆಯದು. ಉಳಿದಿದ್ದು ಒಂದು ಬೆಳಿಗ್ಗೆ. ಲೈಲ್ ಅಂತರ್ಜಾಲದ ಪಂಡಿತರನ್ನೆಲ್ಲ ಬಿಟ್ಟ. ಚಾಪೆಯನ್ನು ಮಡಚಿ ಎಸೆದ. ಫರ್ ಮರದ ಒಣ ಸೂಜಿಯೆಲೆಗಳನ್ನು ಮೊಣಕಾಲೆತ್ತರ ರಾಶಿ ಹಾಕಿ, ಇದ್ದ ಬಟ್ಟೆಯೆಲ್ಲ ಮೈಮೇಲೆ ಏರಿಸಿ, ಮೈಗೆ ಕಾವು ಬರಲೆಂದು ಬೆಣ್ಣೆಯ ಗಟ್ಟಿಯನ್ನು ಹಾಗೇ ತಿಂದು, ಹೊದಿಕೆ ಎಳೆದುಕೊಂಡ. ಬೆಚ್ಚಗಾಯಿತು. ಎಷ್ಟು ಬೆಚ್ಚಗೆಂದರೆ ಅವನಿಗೆ ಡೋರೀನಳ ನೆನಪಾಗುವಷ್ಟು. ಅವಳಿಗೆ ಹೇಳಬೇಕಾದ ಮಾತನ್ನು ಮನಸ್ಸಿನಲ್ಲೇ ಶುರುಮಾಡಿದ. ಎರಡನೆಯ ವಾಕ್ಯಕ್ಕೆ ಬರುವ ಮೊದಲೇ ಗೊರಕೆ ಹೊಡೆದ.

ಎಚ್ಚರವಾದಾಗ ಸೂರ್ಯ ಮರದ ಮೇಲಿದ್ದ. ಗಂಟೆ ಒಂಬತ್ತೂವರೆ. ರಾತ್ರಿಯಿಡೀ ಹಿಮ ಬಿದ್ದು ಅವನನ್ನು, ಅವನ ವಾಸನೆಯನ್ನು, ಬಂದೂಕನ್ನು ಎಲ್ಲವನ್ನೂ ಮುಚ್ಚಿತ್ತು. ಲೈಲ್ ಬಟ್ಟೆ ಸರಿಸಿ ಹೊರಗೆ ತಲೆ ಹಾಕಿದ.

ಸುತ್ತ ಬಿಳಿ ಹಿಮದಲ್ಲಿ ಏಳು ಹೊಂಡಗಳಿದ್ದವು. ಒಂದೊಂದೂ ಒಂದು ಸ್ನಾನದ ತೊಟ್ಟಿಯಷ್ಟು. ಹಿಮ ಕರಗಿ, ಒತ್ತಿದ ಹುಲ್ಲು ಕಾಣುತ್ತ, ತೆಳ್ಳಗೆ ಆವಿಯಾಡುತ್ತಿತ್ತು. ಹಿಂಡು ಹಿಮಕ್ಕೆ ಮರೆ ಹುಡುಕಿಕೊಂಡು ಬಂದು ಅವನ ಸುತ್ತಲೇ ಮಲಗಿ, ಎದ್ದು ಕೆಳಗಿನ ಹೊಲಗಳ ಕಡೆ ಹೋಗಿತ್ತು. ಎಲ್ಲಕ್ಕಿಂತ ದೊಡ್ಡ ಹೊಂಡದ ಪಕ್ಕದ ಫರ್ ಮರದಲ್ಲಿ ಆಳೆತ್ತರದಲ್ಲಿ ಕೊಂಬು ಉಜ್ಜಿದ ಹಸಿ ಗುರುತು. ಲೈಲ್ ತನ್ನ ಹಾಸಿಗೆಯಿಂದ ಅಲ್ಲಿಗೆ ಹೆಜ್ಜೆ ಹಾಕಿ ಅಳೆದ. ಹದಿನೆಂಟು ಹೆಜ್ಜೆ.

ಅವನು ಮಂಡಿಯೂರಿ ಆ ಹುಲ್ಲಿನ ಮೇಲೆ ಅಂಗೈ ಇಟ್ಟ. ಇನ್ನೂ ಬೆಚ್ಚಗಿತ್ತು. ಬಹಳ ಹೊತ್ತು ಹಾಗೇ ಇಟ್ಟುಕೊಂಡಿದ್ದ. ಆಮೇಲೆ ಮುಖ ಮುಚ್ಚಿಕೊಂಡು ಅತ್ತ. ಅಲ್ಲಿ ಅದನ್ನು ತಪ್ಪು ತಿಳಿದುಕೊಳ್ಳಲು ಯಾರೂ ಇರಲಿಲ್ಲ.

ಕೆಳಗಿಳಿದು ಫೋನ್ ಸಿಗುವ ಜಾಗಕ್ಕೆ ಬಂದ ಕೂಡಲೇ ಬಿಲ್ಲಿಂಗ್ಸ್‌ಗೆ ಫೋನ್ ಮಾಡಿದ. ಕೆಫೆಯ ಸುಳ್ಳಿನಿಂದ ಹಿಡಿದು ಹದಿನೆಂಟು ಹೆಜ್ಜೆಯವರೆಗೆ ಒಂದೂ ಬಿಡದೆ ಹೇಳಿದ. ಡೋರೀನ್ ಕೊನೆಯವರೆಗೂ ಕೇಳಿದಳು.

"ಶನಿವಾರ ಒಂಬತ್ತಕ್ಕೆ ಕೆಫೆಗೆ ಬಾ," ಅಂದಳು ಕೊನೆಗೆ. "ನಾನೂ ಬರ್ತೀನಿ. ನೀನು ಬಾಯಿ ಮುಚ್ಕೊಂಡು ಕೂತ್ಕೊ. ನಾನು ಹೇಳ್ತೀನಿ."

ಶನಿವಾರ ಕೆಫೆ ತುಂಬಿತ್ತು. ಡೋರೀನ್ ಕೋಟು ಕೂಡ ಬಿಚ್ಚದೆ ನಿಂತು ಹೇಳಿದಳು. ಆಣೆ, ತಕ್ಕಡಿ, ಬ್ರಷ್ಷು, ತಳವಿಲ್ಲದ ಹೊದಿಕೆ, ಪಾದ್ರಿಗಳ ಪ್ರಶ್ನೆಗೆ ಲೈಲ್ ಕೊಟ್ಟ ಉತ್ತರ, ಅದರ ಅರ್ಥ, ಹದಿನೆಂಟು ಹೆಜ್ಜೆ ಆಚೆ ಹಿಮದಲ್ಲಿದ್ದ ಏಳು ಹೊಂಡ. "ಕೊನೆಗೆ ಹತ್ತೊಂಬತ್ತು ವರ್ಷ ಕಾದ ಮನುಷ್ಯ ಆ ಬೆಳಿಗ್ಗೆ ನಿದ್ದೆ ಮಾಡ್ಬಿಟ್ಟ. ಇಷ್ಟೇ ಕಥೆ. ನಾನು ಯಾರನ್ನೂ ಹೊರಗೆ ಹಾಕಿಲ್ಲ. ಈಗ ನಗಿ, ಎಲ್ರೂ ನಗಿ. ಮರ್ಲ್, ಮೊದಲು ನೀನು ನಗು."

ಯಾರೂ ನಗಲಿಲ್ಲ. ಮರ್ಲ್ ಕಾಫಿ ಲೋಟ ತಿರುಗಿಸುತ್ತ ಕೂತ.

"ಅಕ್ಕ, ನಾನು ಮೂವತ್ತು ವರ್ಷದಿಂದ ಬೇಟೆ ಆಡ್ತಿದೀನಿ," ಅಂದ. "ಏಳು ಎಲ್ಕ್ ಹದಿನೆಂಟು ಹೆಜ್ಜೇಲಿ ಮಲಗಿರುವಾಗ ನಿದ್ದೆ ಮಾಡೋ ಗಂಡಸು ಈ ಭೂಮಿ ಮೇಲಿಲ್ಲ. ಭಾವ ಎದ್ದಿದ್ದ. ನೋಡಿದ. ಗುಂಡು ಹಾರಿಸೋಕೆ ಕೈ ಬರ್ಲಿಲ್ಲ. ಮನಸ್ಸು ಒಡೆದೋಗಿತ್ತು, ಪಾಪ."

ಪಾದ್ರಿ ಆಮೊಸ್ ಎದ್ದು ಬಂದು ಲೈಲ್‌ನ ಹೆಗಲ ಮೇಲೆ ಕೈ ಇಟ್ಟರು. ವೆಂಡೆಲ್ ಮೂಗು ಒರೆಸಿಕೊಂಡ. ಐನೆಜ್ ಡೋರೀನಳ ಕೆನ್ನೆ ಸವರಿ, "ಎಷ್ಟೇ ಆಗ್ಲಿ, ಗಂಡನ ಮಾನ ಮುಚ್ಚೋಕೆ ಇಷ್ಟು ಕಷ್ಟಪಟ್ಯಲ್ಲ ಚಿನ್ನ, ಅಷ್ಟು ಸಾಕು," ಅಂದಳು.

ಗಂಡ ಹೆಂಡಿರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹೊರಗೆ ಬಂದು ಡೋರೀನಳ ಪಿಕಪ್ ಗಾಡಿ ಹತ್ತಿದರು. ಅವಳು ಗಾಡಿ ಚಾಲೂ ಮಾಡಿ, ಕೈಗವಸು ಹಾಕಿಕೊಳ್ಳುತ್ತ, ಮೂರು ತಿಂಗಳಲ್ಲಿ ಮೊದಲ ಸಲ ಸ್ವಲ್ಪ ನಕ್ಕಳು.

"ನಿಜ ಹೇಳು. ಅಲ್ಲಿ ನಿದ್ದೆ ಅಷ್ಟು ಚೆನ್ನಾಗಿ ಬಂತಾ?"

ಲೈಲ್‌ಗೆ ಅಂದಿನಿಂದ ಸತ್ಯವನ್ನೇ ಹೇಳಬೇಕೆಂಬ ಹುಮ್ಮಸ್ಸು. "ದೇವರಾಣೆ, ಡೋರೀನ್. ಮದುವೆ ಆದಾಗಿನಿಂದ ನಾನು ಅಷ್ಟು ಚೆನ್ನಾಗಿ ಒಂದು ದಿನಾನೂ ಮಲಗಿರ್ಲಿಲ್ಲ."

ಗಾಡಿ ಗಕ್ಕನೆ ನಿಂತಿತು.

"ಇಳಿ."

"ಡೋರೀನ್, ನಾನು ಹೇಳಿದ್ದು..."

"ಇಳಿ ಅಂದೆ."

ಅವನು ಇಳಿದ. ಬಾಗಿಲು ಬಡಿದುಕೊಂಡು ಗಾಡಿ ಮುಂದೆ ಹೋಯಿತು. ಹಿಮ ಸಣ್ಣಗೆ ಉದುರುತ್ತಿತ್ತು. ಕೆಫೆಯ ದೊಡ್ಡ ಕಿಟಕಿಯ ಗಾಜಿಗೆ ಇಪ್ಪತ್ತು ಮುಖಗಳು ಅಂಟಿಕೊಂಡಿದ್ದವು. ಐನೆಜಳ ತುಟಿ ಆಡುತ್ತಿದ್ದುದು ಲೈಲ್‌ಗೆ ಕಂಡಿತು. ಮಾತು ಕೇಳಿಸಬೇಕಾದ ಅಗತ್ಯವಿರಲಿಲ್ಲ. ಅವನು ಟೋಪಿ ಎಳೆದುಕೊಂಡು ಕುಂಟುತ್ತ ನಡೆದ.

ಗೋಧಿ ಉಗ್ರಾಣದ ಗೋಪುರದ ಹತ್ತಿರ ರಸ್ತೆ ತಿರುಗುತ್ತದೆ. ಅಲ್ಲಿಂದಾಚೆಗೆ ಏನಿದೆ ಎಂದು ಕೆಫೆಯ ಕಿಟಕಿಗೆ ಕಾಣುವುದಿಲ್ಲ. ಲೈಲ್ ತಿರುವು ದಾಟಿದಾಗ ಪಿಕಪ್ ಗಾಡಿ ರಸ್ತೆಯ ಅಂಚಿನಲ್ಲಿ ನಿಂತಿತ್ತು. ಎಂಜಿನ್ ಆರಿರಲಿಲ್ಲ. ಡೋರೀನ್ ಹಿಂದೆ ತಿರುಗಿ ನೋಡಲಿಲ್ಲ, ಹಾರ್ನ್ ಒತ್ತಲಿಲ್ಲ. ಅವನ ಕಡೆಯ ಬಾಗಿಲ ಚಿಲಕ ಮಾತ್ರ ಟಪ್ ಎಂದು ತೆರೆದ ಸದ್ದಾಯಿತು.